ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೋಟಾರು: ದೋಷ ಪತ್ತೆ ಮತ್ತು ದುರಸ್ತಿ

ನಗರದ ಮನೆಗಳ ಅಟ್ಟಗಳಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರುಗಳು ಬಳಕೆ ತಪ್ಪಿ ಕುಳಿತಿರುವುದು ಅಪರೂಪವೇನಲ್ಲ. ಒಂದು ದಿನ ಯಂತ್ರ ನಿಂತುಹೋಗುತ್ತದೆ. ಕಿಡಿ ಕಾಣಿಸಿತೆಂದೋ ವಾಸನೆ ಬಂತೆಂದೋ ‘ಮೋಟಾರು ಸುಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಯಂತ್ರ ಅಟ್ಟ ಸೇರಿ, ಕೆಲವು ವರ್ಷಗಳ ತರುವಾಯ ಗುಜರಿಯವನ ಪಾಲಾಗುತ್ತದೆ. ಆದರೆ ನಿಂತುಹೋದ ಮೋಟಾರುಗಳೆಲ್ಲವೂ ಸುಟ್ಟ ಮೋಟಾರುಗಳಲ್ಲ. ಸವೆದ ಒಂದು ಜೊತೆ ಕಾರ್ಬನ್ ಬ್ರಷ್, ಒಳಗೇ ತುಂಡಾದ ತಂತಿ, ಅಂಟುಗಟ್ಟಿದ ಎಣ್ಣೆ ಮುಂತಾದ ಅಲ್ಪ ವೆಚ್ಚದ ಕಾರಣಗಳೂ ಅದೇ ಲಕ್ಷಣಗಳನ್ನು ತೋರಬಲ್ಲವು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಚೆನ್ನಾಗಿಯೇ ಓಡುತ್ತಿರುವ ಹಳೆಯ ಯಂತ್ರದ ಲೋಹದ ಕವಚಕ್ಕೆ ಒಳಗಿನಿಂದ ವಿದ್ಯುತ್ ಸೋರುತ್ತಿದ್ದರೆ ಅದು ಮುಟ್ಟಿದವರ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಹಳೆಯ ಯಂತ್ರವನ್ನು ಕೈಗೆತ್ತಿಕೊಂಡವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಇದು ಮತ್ತೆ ಓಡಬಲ್ಲುದೇ? ಓಡಿದರೆ ಅದು ಸುರಕ್ಷಿತವೇ? ಹೊರಗಿನಿಂದ ಒಳಕ್ಕೆ, ಸುಲಭವಾದುದರಿಂದ ಕಷ್ಟವಾದುದಕ್ಕೆ ಕ್ರಮವಾಗಿ ಸಾಗಿದರೆ ಎರಡಕ್ಕೂ ಉತ್ತರ ದೊರೆಯುತ್ತದೆ.

ಯಂತ್ರದ ಹಿನ್ನೆಲೆ

ಹೀರಿಕೆಯಿಂದ ಧೂಳು ತೆಗೆಯುವ ಯಂತ್ರವನ್ನು ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು 1901ರಲ್ಲಿ ರೂಪಿಸಿದರು. ಕುದುರೆಗಾಡಿಯ ಮೇಲೆ ಬರುತ್ತಿದ್ದ ಆ ಬೃಹತ್ ಯಂತ್ರ ಬೀದಿಯಲ್ಲಿಯೇ ನಿಲ್ಲುತ್ತಿತ್ತು. ಅದರ ಉದ್ದನೆಯ ಕೊಳವೆಗಳಷ್ಟೇ ಮನೆಯೊಳಗೆ ಹೋಗುತ್ತಿದ್ದವು. ಅಮೆರಿಕದ ಒಹಾಯೊ ರಾಜ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅವರು ಒಬ್ಬರೇ ನಡೆಸಬಹುದಾದ ವಿದ್ಯುತ್ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದರು. ಅದೇ ಮುಂದೆ ಹೂವರ್ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಸಂಸ್ಥೆ 1921ರಲ್ಲಿ, ನೆಲದ ಮೇಲೆ ಜಾರಿಸಿಕೊಂಡು ಹೋಗಬಹುದಾದ ಕೊಳವೆಯಾಕಾರದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1982ರಲ್ಲಿ ಸ್ಥಾಪನೆಯಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ಪ್ರತಿನಿಧಿಗಳು ಮನೆಬಾಗಿಲಿಗೆ ಬಂದು ಯಂತ್ರವನ್ನು ನಡೆಸಿ ತೋರಿಸಿದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಇದರ ಪರಿಚಯವಾಯಿತು. ವಿದೇಶದಿಂದ ಹಿಂದಿರುಗಿದವರು ತಂದ ಯಂತ್ರಗಳೂ ಅಲ್ಲಲ್ಲಿ ಉಂಟು. ಹೊರರೂಪ ಏನೇ ಇರಲಿ, ಈ ಹಳೆಯ ಯಂತ್ರಗಳ ಹೃದಯ ಸಾಮಾನ್ಯವಾಗಿ ಒಂದೇ ಬಗೆಯದು: ಯೂನಿವರ್ಸಲ್ ಮೋಟಾರು.

ಮೋಟಾರಿನ ರಚನೆ

ಪರ್ಯಾಯ ವಿದ್ಯುತ್ತು ಮತ್ತು ನೇರ ವಿದ್ಯುತ್ತು ಎರಡರಲ್ಲಿಯೂ ಓಡಬಲ್ಲುದಾದ್ದರಿಂದ ಇದಕ್ಕೆ ಯೂನಿವರ್ಸಲ್, ಅಂದರೆ ಸಾರ್ವತ್ರಿಕ, ಎಂಬ ಹೆಸರು ಬಂದಿದೆ. ಮಿಕ್ಸಿ, ಹೊಲಿಗೆ ಯಂತ್ರ ಮತ್ತು ಕೈ ಡ್ರಿಲ್‌ಗಳಲ್ಲಿಯೂ ಇದೇ ಬಗೆಯ ಮೋಟಾರು ಇರುತ್ತದೆ. ಸ್ಥಿರವಾಗಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಎರಡು ಫೀಲ್ಡ್ ಕಾಯಿಲ್‌ಗಳು. ಅವುಗಳ ನಡುವೆ ತಿರುಗುವ ಆರ್ಮೇಚರ್. ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ವೃತ್ತಾಕಾರವಾಗಿ ಜೋಡಿಸಿದ ಕಮ್ಯುಟೇಟರ್. ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ, ಸ್ಪ್ರಿಂಗ್ ಹೊಂದಿದ ಕಾರ್ಬನ್ ಬ್ರಷ್‌ಗಳು. ವಿದ್ಯುತ್ತು ಇವೆಲ್ಲವನ್ನೂ ಒಂದರ ನಂತರ ಒಂದರಂತೆ ಸರಣಿಯಾಗಿ ಹಾದುಹೋಗುತ್ತದೆ. ಆದ್ದರಿಂದ ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಮೋಟಾರು ಸಂಪೂರ್ಣವಾಗಿ ನಿಲ್ಲುತ್ತದೆ.

ಆರ್ಮೇಚರಿನ ದಂಡಕ್ಕೆ ಜೋಡಿಸಿದ ಫ್ಯಾನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಸುತ್ತುತ್ತಾ ಗಾಳಿಯನ್ನು ಅಂಚಿಗೆ ಎಸೆಯುತ್ತದೆ. ಮಧ್ಯದಲ್ಲಿ ಒತ್ತಡ ಕುಸಿದು ಹೀರಿಕೆ ಉಂಟಾಗುತ್ತದೆ. ಅನೇಕ ಮಾದರಿಗಳಲ್ಲಿ ಹೀಗೆ ಹೀರಿದ ಗಾಳಿಯೇ ಚೀಲದಲ್ಲಿ ಸೋಸಿಕೊಂಡು ಬಂದು ಮೋಟಾರನ್ನು ತಂಪಾಗಿಸುತ್ತದೆ. ಚೀಲ ಹರಿದಿದ್ದರೆ ಧೂಳು ನೇರವಾಗಿ ಮೋಟಾರಿಗೆ ನುಗ್ಗುತ್ತದೆ. ಚೀಲ ತುಂಬಿ ಕಟ್ಟಿದ್ದರೆ ತಂಪು ಗಾಳಿಯೇ ದೊರೆಯುವುದಿಲ್ಲ. ಮೋಟಾರಿನ ಅನೇಕ ರೋಗಗಳ ಮೂಲ ಮೋಟಾರಿನಲ್ಲಿರದೆ ಚೀಲದಲ್ಲಿಯೇ ಇರುತ್ತದೆ.

ಮೊದಲು ಪಾಲಿಸಬೇಕಾದ ನಿಯಮಗಳು

1. ಯಂತ್ರವನ್ನು ಬಿಚ್ಚುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು.

2. ಯಂತ್ರದ ಮೇಲಿನ ಫಲಕವನ್ನು ಓದಬೇಕು. ಭಾರತದ ಮನೆಗಳ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಅಮೆರಿಕದ ಯಂತ್ರಗಳು 110ರಿಂದ 120 ವೋಲ್ಟಿನವು. ಅವನ್ನು ಇಲ್ಲಿ ನೇರವಾಗಿ ಸೇರಿಸಿದರೆ ಅಲ್ಪ ಕಾಲದಲ್ಲಿಯೇ ಸುಡುತ್ತವೆ. ಯಂತ್ರದ ವ್ಯಾಟಿಗಿಂತ ಹೆಚ್ಚಿನ ಸಾಮರ್ಥ್ಯದ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅವಶ್ಯಕ. ಹರ್ಟ್ಜ್‌ನ ವ್ಯತ್ಯಾಸ ಈ ಬಗೆಯ ಮೋಟಾರಿಗೆ ತೊಡಕಾಗದು.

3. ರೇಡಿಯೋದ ಗೊರಗೊರ ಸದ್ದನ್ನು ತಡೆಯಲು ಕೆಲವು ಯಂತ್ರಗಳಲ್ಲಿ ಕೆಪಾಸಿಟರ್ ಅಳವಡಿಸಿರುತ್ತಾರೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಅದನ್ನು ಬರಿದು ಮಾಡದೆ ಒಳಭಾಗವನ್ನು ಮುಟ್ಟಬಾರದು.

4. ಬಿಚ್ಚುವಾಗ ಪ್ರತಿ ತಂತಿಯ ಸ್ಥಾನವನ್ನು ಚಿತ್ರ ಬರೆದು ಅಥವಾ ಛಾಯಾಚಿತ್ರ ತೆಗೆದು ಗುರುತಿಟ್ಟುಕೊಳ್ಳಬೇಕು. ಬ್ರಷ್‌ಗಳಿಗೆ ಹೋಗುವ ತಂತಿಗಳು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗಬಹುದು. ಆಗಲೂ ಫ್ಯಾನ್ ದುರ್ಬಲವಾಗಿ ಹೀರುತ್ತಲೇ ಇರುವುದರಿಂದ ತಪ್ಪು ಸುಲಭವಾಗಿ ತಿಳಿಯುವುದಿಲ್ಲ.

5. ಫ್ಯಾನ್ ಕಳಚಿದ ಮೋಟಾರನ್ನು ಪೂರ್ಣ ವೋಲ್ಟೇಜಿನಲ್ಲಿ ಎಂದಿಗೂ ಓಡಿಸಬಾರದು. ಹೊರೆಯಿಲ್ಲದ ಈ ಬಗೆಯ ಮೋಟಾರಿನ ವೇಗ ಮಿತಿ ಮೀರಿ ಏರುತ್ತದೆ. ಆರ್ಮೇಚರಿನ ಸುತ್ತುಗಳು ಕಿತ್ತು ಸಿಡಿಯುವ ಸಂಭವವಿದೆ.

ಧ್ವನಿಯಿಂದ ದೊರೆಯುವ ಸುಳಿವು

ಇನ್ನೂ ಓಡುತ್ತಿರುವ ಯಂತ್ರವನ್ನು ಬಿಚ್ಚುವ ಮುನ್ನ ಅದರ ಧ್ವನಿಯನ್ನು ಆಲಿಸಬೇಕು. ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿದಾಗ ಸ್ವಸ್ಥ ಯಂತ್ರದ ಧ್ವನಿ ಏರುತ್ತದೆ. ಮೋಟಾರು ಹೆಚ್ಚು ಶ್ರಮಿಸುತ್ತಿರುವುದರ ಸೂಚನೆ ಇದೆಂದು ಹಲವರು ಭಾವಿಸುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಗಾಳಿಯ ಹರಿವು ನಿಂತಾಗ ಫ್ಯಾನಿಗೆ ದೂಡಲು ಗಾಳಿಯೇ ಇರುವುದಿಲ್ಲ. ಹೊರೆ ಇಳಿದು ವೇಗ ಏರುತ್ತದೆ.

ಈ ತತ್ತ್ವವನ್ನು ತಿಳಿದವರಿಗೆ ರೋಗದ ದಿಕ್ಕು ಬೇಗನೆ ಗೋಚರಿಸುತ್ತದೆ. ಹೀರಿಕೆ ಕಡಿಮೆಯಾಗಿ ಧ್ವನಿ ಎತ್ತರವಾಗಿದ್ದರೆ ಮೋಟಾರು ಸರಿಯಾಗಿದ್ದು, ಕೊಳವೆ ಅಥವಾ ಚೀಲ ಕಟ್ಟಿಕೊಂಡಿದೆ. ಹೀರಿಕೆಯೊಡನೆ ಧ್ವನಿಯೂ ತಗ್ಗಿದ್ದರೆ ದೋಷ ಮೋಟಾರಿನಲ್ಲಿಯೇ ಇದೆ: ಬೇರಿಂಗ್ ಬಿಗಿದಿದೆ, ಬ್ರಷ್ ಸವೆದಿದೆ ಅಥವಾ ಸುತ್ತುಗಳಲ್ಲಿ ಕೆಡುಕಿದೆ. ಕರ್ಕಶ ಕಿರುಚುವಿಕೆ ಬೇರಿಂಗಿನ ಲಕ್ಷಣ. ಧ್ವನಿ ಬಿಟ್ಟು ಬಿಟ್ಟು ಬರುತ್ತಿದ್ದರೆ ತಂತಿ, ಸ್ವಿಚ್ ಅಥವಾ ಬ್ರಷ್‌ನ ಸಂಪರ್ಕ ಸಡಿಲವಾಗಿದೆಯೆಂದು ಶಂಕಿಸಬೇಕು.

ಯಂತ್ರ ಸಂಪೂರ್ಣ ನಿಶ್ಚಲವಾಗಿದ್ದರೆ

ಸದ್ದೂ ಇಲ್ಲ, ವಾಸನೆಯೂ ಇಲ್ಲ ಎಂಬ ಸ್ಥಿತಿ ಬಹಳ ಬಾರಿ ಸುಲಭ ದುರಸ್ತಿಯ ಸೂಚನೆ. ಮೊದಲು ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೇ ಎಂದು ಬೇರೊಂದು ಉಪಕರಣದಿಂದ ಖಚಿತಪಡಿಸಿಕೊಳ್ಳಬೇಕು. ನಂತರ ಪ್ಲಗ್ಗನ್ನು ಕಿತ್ತು, ಯಂತ್ರದ ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲಿಟ್ಟು, ಮಲ್ಟಿಮೀಟರಿನಿಂದ ಪ್ಲಗ್ಗಿನ ಎರಡು ಮುಖ್ಯ ಪಿನ್ನುಗಳ ನಡುವಿನ ರೋಧವನ್ನು ಅಳೆಯಬೇಕು. ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳವರೆಗೆ ತೋರಿಸಿದರೆ ಮಾರ್ಗ ಅಖಂಡವಾಗಿದೆ. ಏನೂ ತೋರದಿದ್ದರೆ ಎಲ್ಲಿಯೋ ಕಡಿದಿದೆ.

ಕಡಿದ ಸ್ಥಳವನ್ನು ಒಂದೊಂದೇ ಹಂತವಾಗಿ ಹುಡುಕಬೇಕು. ವಯರು ಪ್ಲಗ್ಗಿನ ಬಳಿ ಮತ್ತು ಯಂತ್ರವನ್ನು ಪ್ರವೇಶಿಸುವಲ್ಲಿ ಪದೇ ಪದೇ ಬಾಗಿ ಒಳಗೇ ತುಂಡಾಗಿರುತ್ತದೆ. ಮೀಟರನ್ನು ಸೇರಿಸಿಕೊಂಡು ಆ ಸ್ಥಳಗಳಲ್ಲಿ ವಯರನ್ನು ಮೆಲ್ಲಗೆ ಬಾಗಿಸಿದಾಗ ಮುಳ್ಳು ಹೊಯ್ದಾಡಿದರೆ ದೋಷ ಸಿಕ್ಕಂತೆಯೇ. ಬಳಿಕ ಸ್ವಿಚ್ಚು, ಕೆಲವು ಮಾದರಿಗಳಲ್ಲಿರುವ ಉಷ್ಣ ರಕ್ಷಕ, ಫೀಲ್ಡ್ ಕಾಯಿಲ್‌ಗಳು ಮತ್ತು ಕೊನೆಗೆ ಬ್ರಷ್‌ಗಳ ನಡುವಿನ ಆರ್ಮೇಚರನ್ನು ಪ್ರತ್ಯೇಕವಾಗಿ ಅಳೆಯಬೇಕು. ಕೆಲವು ಉಷ್ಣ ರಕ್ಷಕಗಳು ಯಂತ್ರ ತಣಿದ ಮೇಲೆ ತಾವಾಗಿಯೇ ಮತ್ತೆ ಕೂಡಿಕೊಳ್ಳುತ್ತವೆ. ಅರ್ಧ ಗಂಟೆಯ ತರುವಾಯ ಯಂತ್ರ ಮತ್ತೆ ಓಡಿದರೆ ಅದು ಗುಣವಾಯಿತೆಂದು ತಿಳಿಯದೆ, ಕಾದದ್ದೇಕೆ ಎಂಬುದನ್ನು ಹುಡುಕಬೇಕು.

ಬ್ರಷ್‌ಗಳು ಮತ್ತು ಕಮ್ಯುಟೇಟರ್

ಕಾರ್ಬನ್ ಬ್ರಷ್ ಸವೆಯಲೆಂದೇ ಇರುವ ಭಾಗ. ಅದು ಮೋಟಾರಿಗಾಗಿ ತನ್ನನ್ನು ತೇಯಿಸಿಕೊಳ್ಳುತ್ತದೆ. ಹೊಸದಿದ್ದಾಗಿನ ಉದ್ದದಲ್ಲಿ ಮೂರನೆಯ ಒಂದು ಭಾಗ ಮಾತ್ರ ಉಳಿದಿದ್ದರೆ, ಅಥವಾ ಸ್ಪ್ರಿಂಗ್ ಕಾವಿನಿಂದ ಬಣ್ಣಗೆಟ್ಟು ಮೆತ್ತಗಾಗಿದ್ದರೆ, ಎರಡನ್ನೂ ಜೊತೆಯಾಗಿ ಬದಲಾಯಿಸಬೇಕು. ಹಳೆಯ ಮಾದರಿಗೆ ಸರಿಯಾದ ಬ್ರಷ್ ದೊರೆಯದಿದ್ದರೆ, ಅದೇ ಬಗೆಯ ಮೋಟಾರಿಗೆ ತಯಾರಾದ ತುಸು ದೊಡ್ಡ ಬ್ರಷ್ಷನ್ನು ಸಮತಲದ ಮೇಲಿಟ್ಟ ಮರಳುಕಾಗದದಲ್ಲಿ ಉಜ್ಜಿ ಅಳತೆಗೆ ತರಬಹುದು. ಅದು ತನ್ನ ಗೂಡಿನಲ್ಲಿ ತಡೆಯಿಲ್ಲದೆ ಜಾರಬೇಕು, ಆದರೆ ಅಲುಗಾಡಬಾರದು. ಮುಂಬಯಿಯ ಲೋಹಾರ್ ಚಾಳ್, ದೆಹಲಿಯ ಭಗೀರಥ ಪ್ಯಾಲೇಸ್, ಹೈದರಾಬಾದಿನ ಟ್ರೂಪ್ ಬಜಾರ್ ಮೊದಲಾದ ವಿದ್ಯುತ್ ಸಾಮಗ್ರಿಗಳ ಪೇಟೆಗಳಲ್ಲಿ ವಿಚಾರಿಸುವಾಗ ಹಳೆಯ ಬ್ರಷ್ಷನ್ನೇ ಜೊತೆಗೆ ಒಯ್ಯುವುದು ಲೇಸು.

ಬ್ರಷ್‌ನ ಅಂಚಿನಲ್ಲಿ ನೀಲಿ ಛಾಯೆಯ ಸಣ್ಣ ಕಿಡಿಗಳು ಕಾಣುವುದು ಸಹಜ. ಕಮ್ಯುಟೇಟರಿನ ಸುತ್ತಲೂ ಬೆಂಕಿಯ ಉಂಗುರದಂತೆ ಕಿಡಿ ಹಬ್ಬಿದರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಕಮ್ಯುಟೇಟರ್ ತೆಳು ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿದ್ದರೆ ಅದು ಆರೋಗ್ಯದ ಚಿಹ್ನೆ. ಅದನ್ನು ಉಜ್ಜಿ ಹೊಳಪು ಮಾಡುವ ಅವಶ್ಯಕತೆಯಿಲ್ಲ. ಕಪ್ಪು ಕಟ್ಟಿದ್ದರೆ ಅತಿ ನಯವಾದ ಮರಳುಕಾಗದದಿಂದ ಸುತ್ತಲೂ ಸಮನಾಗಿ ಒರೆಸಬೇಕು. ಎಮರಿ ಕಾಗದವನ್ನು ಬಳಸಬಾರದು. ಅದರ ಕಣಗಳು ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಡಬಲ್ಲವು. ಪಟ್ಟಿಗಳನ್ನು ಬೇರ್ಪಡಿಸುವ ಅಭ್ರಕದ ಎಳೆಗಳು ತಾಮ್ರಕ್ಕಿಂತ ಮೇಲೆದ್ದಿದ್ದರೆ ಬ್ರಷ್ ಕುಪ್ಪಳಿಸಿ ಕಿಡಿ ಹಾರಿಸುತ್ತದೆ. ಅವನ್ನು ತಾಮ್ರದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೊರೆಯಬೇಕು. ಇದು ನುರಿತ ಕೈಗಳ ಕೆಲಸ.

ಹೊಸ ಬ್ರಷ್‌ನ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಬೇಕು. ಮರಳುಕಾಗದದ ಒರಟು ಮುಖ ಹೊರಗಿರುವಂತೆ ಕಮ್ಯುಟೇಟರಿಗೆ ಸುತ್ತಿ ದಂಡವನ್ನು ಕೈಯಿಂದ ತಿರುಗಿಸಿದರೆ ಬ್ರಷ್‌ನ ತುದಿ ಅದೇ ಆಕಾರ ಪಡೆಯುತ್ತದೆ. ಉದುರಿದ ಇಂಗಾಲದ ಪುಡಿಯನ್ನು ಮೆದು ಕುಂಚದಿಂದ ಪೂರ್ತಿಯಾಗಿ ತೆಗೆಯಬೇಕು, ಏಕೆಂದರೆ ಆ ಪುಡಿ ವಿದ್ಯುದ್ವಾಹಕ.

ಗುಂಯ್‌ಗುಟ್ಟಿದರೂ ತಿರುಗದ ಮೋಟಾರು

ವಿದ್ಯುತ್ತು ಹರಿಯುತ್ತಿದ್ದು ದಂಡ ತಿರುಗದಿದ್ದರೆ ಕ್ಷಣವೂ ತಡಮಾಡದೆ ಸ್ವಿಚ್ಚನ್ನು ಆರಿಸಬೇಕು. 800 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಓಡುವಾಗ ಸುಮಾರು 3.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ತಿರುಗುತ್ತಿರುವ ಆರ್ಮೇಚರ್ ತಾನೇ ಒಂದು ವಿರೋಧಿ ವೋಲ್ಟೇಜನ್ನು ಉಂಟುಮಾಡಿ ಪ್ರವಾಹವನ್ನು ಹಿಡಿತದಲ್ಲಿಡುತ್ತದೆ. ದಂಡ ನಿಂತಾಗ ಈ ಹಿಡಿತ ತಪ್ಪಿ ಪ್ರವಾಹ ಹಲವು ಪಟ್ಟು ಏರುತ್ತದೆ. ತಂಪು ಗಾಳಿಯೂ ನಿಂತಿರುತ್ತದೆ. ಸಣ್ಣ ಬೇರಿಂಗಿನ ದೋಷ ಕೆಲವೇ ನಿಮಿಷಗಳಲ್ಲಿ ಸುಟ್ಟ ಮೋಟಾರಾಗಿ ಪರಿಣಮಿಸುವುದು ಹೀಗೆ.

ಪ್ಲಗ್ ಕಿತ್ತು ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಅದು ಹಗುರವಾಗಿ ತಿರುಗಿ, ನಿಧಾನವಾಗಿ ನಿಲ್ಲಬೇಕು. ಫ್ಯಾನಿಗೆ ಸಿಕ್ಕ ದಾರ, ಕೂದಲು, ಗುಂಡಿಗಳನ್ನು ತೆಗೆಯಬೇಕು. ಹಳೆಯ ಯಂತ್ರಗಳ ಕಂಚಿನ ಬುಷ್‌ಗಳಲ್ಲಿ ಎಣ್ಣೆ ಅಂಟಾಗಿ ಗಟ್ಟಿಯಾಗಿದ್ದರೆ ಅದನ್ನು ತೊಳೆದು, ಹಗುರವಾದ ಯಂತ್ರದ ಎಣ್ಣೆಯನ್ನು ಎರಡು ಮೂರು ಹನಿ ಬಿಡಬೇಕು. ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನು ಹಾಕುವ ರೂಢಿ ಒಳ್ಳೆಯದಲ್ಲ. ಅದು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ದೆಹಲಿಯ ಚಳಿಗಾಲದಲ್ಲಿ ಬುಷ್‌ನೊಳಗೆ ಬೆಣ್ಣೆಯಂತೆ ನಿಲ್ಲುತ್ತದೆ, ಕಾಲಾಂತರದಲ್ಲಿ ಅಂಟಾಗುತ್ತದೆ. ಎಣ್ಣೆ ಅತಿಯಾದರೂ ಕೇಡೇ. ಚೆಲ್ಲಿದ ಎಣ್ಣೆ ಇಂಗಾಲದ ಪುಡಿಯೊಡನೆ ಬೆರೆತು ಕಮ್ಯುಟೇಟರಿನ ಮೇಲೆ ಕೆಸರಾಗುತ್ತದೆ.

ಬಾಲ್ ಬೇರಿಂಗ್ ಒರಟಾಗಿ ತಿರುಗುತ್ತಿದ್ದರೆ ಅದನ್ನು ಬದಲಾಯಿಸುವುದೇ ಸರಿ. ಬೇರಿಂಗಿನ ಅಂಚಿನಲ್ಲಿ ಅದರ ಸಂಖ್ಯೆಯನ್ನು ಕೆತ್ತಿರುತ್ತಾರೆ. ಅದೇ ಸಂಖ್ಯೆಯದನ್ನು ತರಬೇಕು. ಹಳೆಯದನ್ನು ಸುತ್ತಿಗೆಯಿಂದ ಬಡಿದು ತೆಗೆಯದೆ ಪುಲ್ಲರ್ ಎಂಬ ಸಾಧನದಿಂದ ಎಳೆಯಬೇಕು; ತುಸು ಬಾಗಿದ ದಂಡವೂ ಅಷ್ಟು ವೇಗದಲ್ಲಿ ತೀವ್ರವಾಗಿ ನಡುಗುತ್ತದೆ. ಕೆಲವು ಯಂತ್ರಗಳಲ್ಲಿ ಫ್ಯಾನಿನ ನಟ್ಟು ವಾಡಿಕೆಗೆ ವಿರುದ್ಧವಾದ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಲಪ್ರಯೋಗಕ್ಕೆ ಮೊದಲು ಇದನ್ನು ಪರಿಶೀಲಿಸಬೇಕು.

ಸುತ್ತುಗಳು ನಿಜವಾಗಿ ಸುಟ್ಟಿದ್ದರೆ

ಕರಕಲು ವಾರ್ನಿಷ್ಷಿನ ಘಾಟು, ಕಪ್ಪಾಗಿ ಪುಡಿಯುದುರುವ ಸುತ್ತುಗಳು, ಕಮ್ಯುಟೇಟರಿನಲ್ಲಿ ಒಂದೆರಡು ಪಟ್ಟಿಗಳು ಮಾತ್ರ ಸುಟ್ಟಿರುವುದು: ಇವು ನೈಜ ಹಾನಿಯ ಲಕ್ಷಣಗಳು. ಅಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವಿನ ರೋಧವನ್ನು ಸುತ್ತಲೂ ಅಳೆದಾಗ ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಬೇಕು. ಒಂದೆಡೆ ಮಾತ್ರ ಅಂಕಿ ಬಹಳ ಏರಿದರೆ ಅಲ್ಲಿ ಸುತ್ತು ಕಡಿದಿದೆ. ಬಹಳ ಇಳಿದರೆ ಸುತ್ತುಗಳು ಒಂದಕ್ಕೊಂದು ತಾಗಿವೆ. ಎರಡು ಫೀಲ್ಡ್ ಕಾಯಿಲ್‌ಗಳ ರೋಧವೂ ಸಾಮಾನ್ಯವಾಗಿ ಸಮವಾಗಿರಬೇಕು. ರೀವೈಂಡಿಂಗ್ ಅಂಗಡಿಗಳಲ್ಲಿ ಗ್ರೋಲರ್ ಎಂಬ ಸಾಧನದ ಮೇಲೆ ಆರ್ಮೇಚರನ್ನಿಟ್ಟು, ಹ್ಯಾಕ್ಸಾ ಬ್ಲೇಡನ್ನು ಹಿಡಿದು ನೋಡುತ್ತಾರೆ. ತಾಗಿಕೊಂಡ ಸುತ್ತಿನ ಮೇಲೆ ಬ್ಲೇಡು ಕಂಪಿಸುತ್ತದೆ.

ಫೀಲ್ಡ್ ಕಾಯಿಲ್‌ಗಳನ್ನು ಮತ್ತೆ ಸುತ್ತುವುದು ಹೆಚ್ಚು ಕಠಿಣವಲ್ಲ. ಆರ್ಮೇಚರನ್ನು ಸುತ್ತುವಾಗ ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಜೋಡಣೆಯ ಕ್ರಮ ಎಲ್ಲವೂ ಮೂಲದಂತೆಯೇ ಇದ್ದು, ಕೊನೆಯಲ್ಲಿ ತೂಕದ ಸಮತೋಲನವನ್ನೂ ಸಾಧಿಸಬೇಕಾಗುತ್ತದೆ. ಅಷ್ಟು ನುರಿತ ಕೆಲಸಗಾರರು ದೊರೆಯದಿದ್ದರೆ ಬದಲಿ ಆರ್ಮೇಚರ್ ಅಥವಾ ಅಳತೆಗೆ ಹೊಂದುವ ಇಡೀ ಮೋಟಾರನ್ನು ಹುಡುಕುವುದು ಮೇಲು.

ರಾಜಿಗೆ ಎಡೆಯಿಲ್ಲದ ಪರೀಕ್ಷೆ

ಮೋಟಾರು ಓಡಿತೆಂಬ ಸಂತೋಷದಲ್ಲಿ ಮರೆತುಹೋಗುವ ಪರೀಕ್ಷೆಯೊಂದಿದೆ. ಅದು ವಿದ್ಯುನ್ನಿರೋಧಕ ಹೊದಿಕೆಯ ಪರೀಕ್ಷೆ. ಹಳೆಯ ಯಂತ್ರಗಳ ರಬ್ಬರು ಹೊದಿಕೆ ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಲೋಹದ ಕವಚವಿದ್ದೂ ಭೂಸಂಪರ್ಕದ ತಂತಿಯಿಲ್ಲದ, ಎರಡೇ ಎಳೆಯ ವಯರಿನ ಯಂತ್ರಗಳು ಆ ಕಾಲದಲ್ಲಿ ಸಾಮಾನ್ಯವಾಗಿದ್ದವು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ, ಬರಿಗಾಲಿನಲ್ಲಿ ನಿಂತು ಬಳಸುವವರಿಗೆ ಇಂತಹ ಯಂತ್ರ ಮಾರಕವಾಗಬಹುದು.

500 ವೋಲ್ಟಿನ ಮೆಗ್ಗರ್ ಉಪಕರಣದಿಂದ ಪ್ಲಗ್ಗಿನ ಮುಖ್ಯ ಪಿನ್ನುಗಳು ಮತ್ತು ಲೋಹದ ಕವಚದ ನಡುವೆ ಅಳೆದಾಗ ರೋಧ ಒಂದು ಮೆಗಾಓಮಿಗಿಂತ ಕಡಿಮೆಯಿದ್ದರೆ ಯಂತ್ರವನ್ನು ಬಳಸಬಾರದು. ಇಂಗಾಲದ ಪುಡಿ ಮತ್ತು ತೇವವನ್ನು ತೆಗೆದು ಒಣಗಿಸಿದ ಮೇಲೂ ಅಂಕಿ ಏರದಿದ್ದರೆ ಸುತ್ತುಗಳ ಹೊದಿಕೆಯೇ ಕೆಟ್ಟಿದೆ. ಈ ಪರೀಕ್ಷೆಯನ್ನು ಅರ್ಹ ಎಲೆಕ್ಟ್ರಿಷಿಯನ್ ಮಾಡುವುದು ಉಚಿತ. ಬಿರುಕು ಬಿಟ್ಟ ವಯರಿಗೆ ಟೇಪು ಸುತ್ತದೆ, ಐ.ಎಸ್.ಐ. ಗುರುತಿನ ಮೂರೆಳೆಯ ವಯರನ್ನು ಹಾಕಿಸಿ, ಹಸಿರು ಎಳೆಯನ್ನು ಲೋಹದ ಕವಚಕ್ಕೆ ಭದ್ರವಾಗಿ ಸೇರಿಸಬೇಕು. ಹಳೆಯ ವಯರುಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊಸ ವಯರುಗಳಲ್ಲಿ ಕ್ರಮವಾಗಿ ಕಂದು, ನೀಲಿ ಮತ್ತು ಹಸಿರು-ಹಳದಿ. ಹಳೆಯ ಕಾಗದದ ಕೆಪಾಸಿಟರ್ ಸೋರುವ ಸಂಭವ ಹೆಚ್ಚಾದ್ದರಿಂದ, ಮುಖ್ಯ ವಿದ್ಯುತ್ತಿನ ಬಳಕೆಗೆಂದೇ ತಯಾರಾದ ಸುರಕ್ಷಾ ದರ್ಜೆಯ ಹೊಸದನ್ನು ಹಾಕಿಸಬೇಕು. ಮನೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚು ಇದ್ದರೆ ಇನ್ನೂ ಕ್ಷೇಮ.

ಮರುಜೋಡಣೆ ಮತ್ತು ಮೊದಲ ಓಟ

ಜೋಡಿಸಿದ ಯಂತ್ರವನ್ನು ಒಮ್ಮೆಲೇ ಮುಖ್ಯ ವಿದ್ಯುತ್ತಿಗೆ ಸೇರಿಸದೆ, ದುರಸ್ತಿ ಅಂಗಡಿಗಳಲ್ಲಿರುವ ಸೀರೀಸ್ ಬೋರ್ಡಿನ ಮೂಲಕ, ಅಂದರೆ ತಂತುವಿನ ಬಲ್ಬೊಂದನ್ನು ಸರಣಿಯಲ್ಲಿರಿಸಿ, ಮೊದಲು ಪರೀಕ್ಷಿಸುವುದು ವಾಡಿಕೆ. ಒಳಗೆ ಶಾರ್ಟ್ ಇದ್ದರೂ ಬಲ್ಬು ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ಬಲ್ಬು ಬೆಳಗಿದರೆ ಮಾರ್ಗ ಕೂಡಿದೆ ಎಂದಷ್ಟೇ ಅರ್ಥ. ಸುತ್ತುಗಳು ಸುಸ್ಥಿತಿಯಲ್ಲಿವೆಯೆಂಬುದಕ್ಕೆ ಅದು ಪ್ರಮಾಣವಲ್ಲ. ನಂತರ ಹೊಸ ಚೀಲವನ್ನು ಹಾಕಿ ಹತ್ತು ನಿಮಿಷ ಓಡಿಸಿ, ಕಿಡಿ, ನಡುಕ, ವಾಸನೆ ಮತ್ತು ಹೊರಬರುವ ಗಾಳಿಯ ಕಾವನ್ನು ಗಮನಿಸಬೇಕು.

ಯಾವಾಗ ಕೈಬಿಡಬೇಕು?

ಹೊದಿಕೆಯ ಪರೀಕ್ಷೆಯಲ್ಲಿ ಸೋತ ಯಂತ್ರವನ್ನು, ಅದು ಎಷ್ಟೇ ಚೆನ್ನಾಗಿ ಓಡಲಿ, ಬಳಕೆಯಿಂದ ತೆಗೆಯಬೇಕು. ಅಪರೂಪದ ಮಾದರಿಯಾಗಿದ್ದರೆ ಪ್ಲಗ್ಗನ್ನು ಕಳಚಿ ಪ್ರದರ್ಶನಕ್ಕೆ ಇರಿಸಬಹುದು. ಉಳಿದವನ್ನು ಮನೆಯ ಕಸದೊಡನೆ ಎಸೆಯದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದುರಸ್ತಿಯ ಹಕ್ಕನ್ನು ಕುರಿತ ಜಾಲತಾಣವನ್ನು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿತು. ಬಿಡಿಭಾಗ ಅಥವಾ ಸೇವೆಯ ವಿಷಯದಲ್ಲಿ ದೂರುಗಳಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು.

ಹಳೆಯ ಮೋಟಾರಿನಲ್ಲಿ ಗುಟ್ಟೇನೂ ಇಲ್ಲ. ಅದರ ಪ್ರತಿಯೊಂದು ಭಾಗವನ್ನೂ ಕಣ್ಣಿನಿಂದ ನೋಡಬಹುದು, ಅಳೆಯಬಹುದು, ಬಿಚ್ಚಿ ಜೋಡಿಸಬಹುದು. ‘ಸುಟ್ಟಿದೆ’ ಎಂಬುದು ಪರೀಕ್ಷೆಯ ಕೊನೆಯಲ್ಲಿ ಬರಬೇಕಾದ ಮಾತು. ‘ಸುರಕ್ಷಿತವಾಗಿದೆ’ ಎಂಬುದಾದರೂ ಅಷ್ಟೆ.